ಚ್‌ರೂಟ್ ಒಳಗಿನಿಂದ ಎಕ್ಸ್ ಸರ್ವರ್ ನಡೆಸಿದ ಅನುಭವ

ನನ್ನ ಲ್ಯಾಪ್‌ಟಾಪ್‌ನಲ್ಲಿ ನಿತ್ಯದ ಬಳಕೆಗೆ ಇರುವುದು ಫೆಡೋರಾ ಲಿನಕ್ಸ್, ಅದರ ಡೆಸ್ಕ್‌ಟಾಪ್ ನಡೆಯುವುದು ವೇಲ್ಯಾಂಡ್ ಮೇಲೆ, ಅಂದರೆ ಪರದೆ ಮತ್ತು ಕೀಲಿಮಣೆಯನ್ನು ಪ್ರೋಗ್ರಾಮ್‌ಗಳಿಗೆ ಹಂಚಿಕೊಡುವ ಹೊಸ ವ್ಯವಸ್ಥೆಯ ಮೇಲೆ. ಅದರ ಜೊತೆಗೆ, ಹಿಂದಿನ ಎಕ್ಸ್ ವ್ಯವಸ್ಥೆಗೆಂದು ಬರೆದ ಹಳೆಯದೊಂದು ವಿಂಡೋ ಮ್ಯಾನೇಜರ್ (ಕಿಟಕಿಗಳನ್ನು ಜೋಡಿಸುವ ಪ್ರೋಗ್ರಾಮ್) ಕೂಡ ನನಗೆ ಇನ್ನೂ ಬೇಕು. ಅದಕ್ಕೆ ಹೊಂದಿಸಿ ಬರೆದುಕೊಂಡ ಒಂದಷ್ಟು ಸ್ಕ್ರಿಪ್ಟ್‌ಗಳು ಯಾವ ಕಿಟಕಿ ಎದುರಿಗಿದ್ದರೂ ಕೀಲಿಗಳನ್ನು ತಾವೇ ಹಿಡಿದುಕೊಂಡು ಕೆಲಸ ಮಾಡುತ್ತವೆ. ಬೇರೊಂದು ಪ್ರೋಗ್ರಾಮಿಗೆ ಹೋಗುವ ಕೀಲಿಗಳನ್ನು ನೋಡಲು ವೇಲ್ಯಾಂಡ್ ಯಾರಿಗೂ ಬಿಡುವುದಿಲ್ಲವಾದ್ದರಿಂದ ಎಕ್ಸ್ ಪ್ರೋಗ್ರಾಮ್‌ಗಳನ್ನು ವೇಲ್ಯಾಂಡ್ ಒಳಗೆ ನಡೆಸುವ ಎಕ್ಸ್‌ವೇಲ್ಯಾಂಡ್ ಇಲ್ಲಿ ಉಪಯೋಗಕ್ಕೆ ಬರಲಿಲ್ಲ. ವರ್ಚುವಲ್ ಮಷೀನ್ ಹಾಕಿಕೊಳ್ಳಬಹುದಿತ್ತು, ಆದರೆ ಗ್ರಾಫಿಕ್ಸ್ ಚಿಪ್ ನೇರವಾಗಿ ಕೈಗೆ ಸಿಗಬೇಕೆಂಬುದು ನನ್ನ ಅಪೇಕ್ಷೆಯಾಗಿತ್ತು. ಹೀಗಾಗಿ ಬೇರೊಂದು ಪಾರ್ಟಿಷನ್‌ನಲ್ಲಿ ಡಿಬೂಟ್‌ಸ್ಟ್ರಾಪ್ ಎಂಬ ಸ್ಥಾಪನಾ ಪ್ರೋಗ್ರಾಮ್ ಬಳಸಿ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಇಳಿಸಿಕೊಂಡು, ಅದರೊಳಗೆ ಚ್‌ರೂಟ್ ಮಾಡಿ (ಅಂದರೆ ಆ ಪಾರ್ಟಿಷನ್ನೇ ಇಡೀ ಫೈಲ್ ವ್ಯವಸ್ಥೆಯೆಂದು ಪ್ರೋಗ್ರಾಮ್‌ಗಳಿಗೆ ತೋರಿಸಿ), ನಾಲ್ಕನೆಯ ವರ್ಚುವಲ್ ಕನ್ಸೋಲ್‌ನಲ್ಲಿ (ಕೀಲಿ ಒತ್ತಿ ಬದಲಿಸಿಕೊಳ್ಳುವ ಪ್ರತ್ಯೇಕ ಪರದೆಯಲ್ಲಿ) ಎಕ್ಸ್ ವ್ಯವಸ್ಥೆಯ ಪರದೆ, ಕೀಲಿಮಣೆಗಳನ್ನು ನೋಡಿಕೊಳ್ಳುವ ನಿಜವಾದ ಎಕ್ಸ್‌ಆರ್ಗ್ ಸರ್ವರ್ ನಡೆಸುವುದೆಂದು ನಿರ್ಧರಿಸಿದೆ.

ಕಾಗದದ ಮೇಲೆ ಇದು ಸರಳ. ಚ್‌ರೂಟ್ ಎಂಬ ಸಿಸ್ಟಮ್ ಕಾಲ್ 1979ರ ಏಳನೆಯ ಆವೃತ್ತಿಯ ಯೂನಿಕ್ಸ್‌ನಿಂದಲೂ ಇದೆ; ಎಕ್ಸ್ ವಿಂಡೋ ವ್ಯವಸ್ಥೆ 1984ರಲ್ಲಿ ಎಂಐಟಿಯಲ್ಲಿ ಹುಟ್ಟಿ, ಇಂದಿಗೂ ನಡೆಯುತ್ತಿರುವ ಹನ್ನೊಂದನೆಯ ಆವೃತ್ತಿಯನ್ನು 1987ರಲ್ಲೇ ತಲುಪಿತು. ಇಷ್ಟು ಹಳೆಯ ಎರಡು ಸಂಗತಿಗಳನ್ನು ಕೂಡಿಸುವುದರಲ್ಲಿ ತೊಡಕೇನು ಬಂದೀತು ಎನಿಸುವುದು ಸಹಜ. ಆದರೆ ಚ್‌ರೂಟ್ ಮಾಡುವ ಕೆಲಸ ಬಹಳ ಚಿಕ್ಕದು: ಓರೆಗೀಟಿನಿಂದ ಆರಂಭವಾಗುವ ಹೆಸರುಗಳನ್ನು ಎಲ್ಲಿಂದ ಹುಡುಕಬೇಕೆಂಬುದನ್ನು ಮಾತ್ರ ಅದು ಬದಲಿಸುತ್ತದೆ. ಪ್ರೊಸೆಸ್ ಸಂಖ್ಯೆಗಳು, ನೆಟ್‌ವರ್ಕ್, ಕನ್ಸೋಲ್‌ಗಳು, ಗ್ರಾಫಿಕ್ಸ್ ಸಾಧನದ ಒಡೆತನ, ಬಳಕೆದಾರರ ಸಂಖ್ಯೆಗಳು ಇವೆಲ್ಲ ಕಾರ್ಯವ್ಯವಸ್ಥೆಯ ತಿರುಳಾದ ಕರ್ನಲ್‌ನವು, ಹೊರಗೂ ಒಳಗೂ ಒಂದೇ. ಎಕ್ಸ್ ಸರ್ವರ್‌ಗೆ ಬೇಕಾದದ್ದರಲ್ಲಿ ಅರ್ಧ ಹೆಸರಿನಿಂದ ಸಿಗುವಂಥದ್ದು, ಇನ್ನರ್ಧ ಕರ್ನಲ್ ಹಿಡಿದಿಟ್ಟುಕೊಂಡಿರುವಂಥದ್ದು. ನನಗೆ ಎದುರಾದ ಪ್ರತಿಯೊಂದು ದೋಷವೂ ಈ ಎರಡರಲ್ಲಿ ಯಾವ ಕಡೆಯದು ಎಂದು ಕೇಳಿಕೊಂಡಾಗಲೇ ಬಿಡಿಸಿಕೊಂಡಿತು.

ಮೊದಲ ದೋಷವೇ ಇದಕ್ಕೆ ಒಳ್ಳೆಯ ಉದಾಹರಣೆ. ಚ್‌ರೂಟ್‌ನ ಒಳಗೆ ಏನೂ ಮೌಂಟ್ ಮಾಡದೆ (ಹೊರಗಿನ ಯಾವ ಡೈರೆಕ್ಟರಿಯನ್ನೂ ಜೋಡಿಸದೆ) ಸರ್ವರ್ ಚಾಲೂ ಮಾಡಿದಾಗ, ಕೇಳುವ ಸಾಕೆಟ್ (ಪ್ರೋಗ್ರಾಮ್‌ಗಳು ಬಂದು ಸಂಪರ್ಕಿಸುವ ಬಾಗಿಲು) ಒಂದನ್ನೂ ತೆರೆಯಲಾಗುತ್ತಿಲ್ಲ, ಈಗಾಗಲೇ ಬೇರೊಂದು ಎಕ್ಸ್ ಸರ್ವರ್ ನಡೆಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ ಎಂಬ ಸಂದೇಶ ಬಂತು. ಒಳಗಿನ /ಟಿಎಂಪಿ ಡೈರೆಕ್ಟರಿ ಖಾಲಿಯಾಗಿತ್ತು. ಹಳೆಯ ಸರ್ವರ್ ಬಿಟ್ಟುಹೋದ ಲಾಕ್ ಫೈಲ್ ಇರಲಿಲ್ಲ, ಸಾಕೆಟ್ ಫೈಲ್ ಕೂಡ ಇರಲಿಲ್ಲ. ಹಾಗಿದ್ದರೂ ಸೊನ್ನೆಯ ಡಿಸ್‌ಪ್ಲೇಯನ್ನು (ಪ್ರತಿ ಎಕ್ಸ್ ಸರ್ವರ್ ತನ್ನ ಪರದೆಗೆ ಹಿಡಿಯುವ ಸಂಖ್ಯೆಯನ್ನು) ಯಾರೋ ಹಿಡಿದುಕೊಂಡಿದ್ದಾರೆಂದು ಸರ್ವರ್ ಹೇಳುತ್ತಿತ್ತು, ಮತ್ತು ಅದು ಹೇಳುತ್ತಿದ್ದುದು ನಿಜವೇ ಆಗಿತ್ತು.

ಲಿನಕ್ಸ್‌ನಲ್ಲಿ ಎಕ್ಸ್ ಸರ್ವರ್ ಒಂದೇ ಡಿಸ್‌ಪ್ಲೇಗೆ ಎರಡು ಬಗೆಯ ಸ್ಥಳೀಯ ಸಾಕೆಟ್ ತೆರೆಯುತ್ತದೆ. ಒಂದು /ಟಿಎಂಪಿ/.ಎಕ್ಸ್11-ಯುನಿಕ್ಸ್ ಡೈರೆಕ್ಟರಿಯಲ್ಲಿ ಕಾಣುವ ಫೈಲ್ ರೂಪದ್ದು. ಇನ್ನೊಂದು ಅಬ್‌ಸ್ಟ್ರಾಕ್ಟ್ ಸಾಕೆಟ್. ಅದಕ್ಕೂ ಫೈಲಿನಂಥದ್ದೇ ಹೆಸರಿದ್ದರೂ ಅದು ಯಾವ ಡಿಸ್ಕಿನಲ್ಲೂ ಇರುವುದಿಲ್ಲ, ಕರ್ನಲ್ ಇಟ್ಟುಕೊಂಡಿರುವ ನೆಟ್‌ವರ್ಕ್ ನೇಮ್‌ಸ್ಪೇಸ್‌ಗೆ (ನೆಟ್‌ವರ್ಕ್ ಹೆಸರುಗಳ ವಲಯಕ್ಕೆ) ಸೇರಿರುತ್ತದೆ. ಚ್‌ರೂಟ್ ಹೊಸ ನೆಟ್‌ವರ್ಕ್ ನೇಮ್‌ಸ್ಪೇಸ್ ಕೊಡುವುದಿಲ್ಲವಾದ್ದರಿಂದ, ಹೊರಗಿನ ಡೆಸ್ಕ್‌ಟಾಪ್ ಎಕ್ಸ್‌ವೇಲ್ಯಾಂಡ್‌ಗಾಗಿ ತೆರೆದಿಟ್ಟಿದ್ದ ಅಬ್‌ಸ್ಟ್ರಾಕ್ಟ್ ಸಾಕೆಟ್ ಒಳಗಿನ ಸರ್ವರ್‌ಗೆ ಅಡ್ಡ ಬಂದಿತ್ತು. /ಪ್ರೋಕ್/ನೆಟ್/ಯುನಿಕ್ಸ್ ಫೈಲನ್ನು ಓದಿದರೆ ಇಂಥ ಸಾಕೆಟ್‌ಗಳು @ ಚಿಹ್ನೆಯೊಂದಿಗೆ ಕಾಣುತ್ತವೆ. 'ಎಸ್‌ಎಸ್' ಆಜ್ಞೆಯೂ ಅದನ್ನೇ ತೋರಿಸುತ್ತದೆ. ಅಬ್‌ಸ್ಟ್ರಾಕ್ಟ್ ಸಾಕೆಟ್ ತೆರೆಯದಂತೆ ಸರ್ವರ್‌ಗೆ ಹೇಳುವ ಆಯ್ಕೆಯೂ ಉಂಟು, ಆದರೆ ಬೇರೆ ಡಿಸ್‌ಪ್ಲೇ ಸಂಖ್ಯೆ ಕೊಡುವುದು ಅದಕ್ಕಿಂತ ನೇರವಾದ ದಾರಿ. ನಾನು 5 ಕೊಟ್ಟೆ.

ಆಗ ದೋಷ ಮುಂದಕ್ಕೆ ಸರಿಯಿತು: ಕನ್ಸೋಲ್‌ನ ಸಾಧನ ಫೈಲ್ ಆದ /ಡೆವ್/ಟಿಟಿವೈ0 ಇಲ್ಲ. ಡಿಬೂಟ್‌ಸ್ಟ್ರಾಪ್ ಸೃಷ್ಟಿಸುವ ಸಾಧನ ಫೈಲ್‌ಗಳು ಬೆರಳೆಣಿಕೆಯಷ್ಟೇ. ವರ್ಚುವಲ್ ಕನ್ಸೋಲ್‌ಗಳಾಗಲಿ ಗ್ರಾಫಿಕ್ಸ್ ಕಾರ್ಡ್ ಆಗಲಿ ಅವುಗಳಲ್ಲಿ ಇರುವುದಿಲ್ಲ. ಮೆಕ್‌ನೋಡ್ ಬಳಸಿ ಕೈಯಾರೆ ಸೃಷ್ಟಿಸುವ ಸಲಹೆ ಹಳೆಯ ಕೈಪಿಡಿಗಳಲ್ಲಿ ಸಿಗುತ್ತದೆ. ಕಾರ್ಡ್‌ನ ಮುಖ್ಯ ಸಂಖ್ಯೆ 226, ಇನ್‌ಪುಟ್ ಸಾಧನಗಳದು 13, ಕನ್ಸೋಲ್‌ಗಳದು 4 ಎಂದು ತಿಳಿದಿದ್ದರೆ ಅದೂ ಆಗುತ್ತದೆ. ಆದರೆ ನನ್ನ ಪಾರ್ಟಿಷನ್ನನ್ನು ಡೆಸ್ಕ್‌ಟಾಪ್ ತಾನೇ ಮೌಂಟ್ ಮಾಡುತ್ತಿತ್ತು, ಮತ್ತು ಹಾಗೆ ಮಾಡುವಾಗ ನೋಡೆವ್, ನೋಎಸ್‌ಯುಐಡಿ ಎಂಬ ಎರಡು ನಿರ್ಬಂಧಗಳನ್ನು ಸೇರಿಸುತ್ತಿತ್ತು. ನೋಡೆವ್ ಇರುವ ಕಡೆ ಸಾಧನ ಫೈಲ್ ಸೃಷ್ಟಿಯಾದರೂ ಅದನ್ನು ತೆರೆಯಲು ಎಲ್ಲ ಅಧಿಕಾರವಿರುವ ರೂಟ್ ಬಳಕೆದಾರನಿಗೂ ಅನುಮತಿ ಸಿಗುವುದಿಲ್ಲ. ಡಿಬೂಟ್‌ಸ್ಟ್ರಾಪ್ ಅಂಥ ಕಡೆ ಕೆಲಸ ಮಾಡಲು ಒಪ್ಪುವುದೇ ಇಲ್ಲವಾದ್ದರಿಂದ, ಸ್ಥಾಪನೆಯ ಸಮಯದಲ್ಲಿ ಕೈಯಾರೆ ಮೌಂಟ್ ಮಾಡಿದ್ದಾಗ ಈ ನಿರ್ಬಂಧ ಕಣ್ಣಿಗೆ ಬಿದ್ದಿರಲಿಲ್ಲ.

ಹೊರಗಿನ /ಡೆವ್ ಡೈರೆಕ್ಟರಿಯನ್ನೇ ಒಳಗೆ ಬೈಂಡ್ ಮೌಂಟ್ ಮಾಡಿದರೆ, ಅಂದರೆ ಅದೇ ಡೈರೆಕ್ಟರಿ ಎರಡನೆಯ ಜಾಗದಲ್ಲೂ ಕಾಣುವಂತೆ ಜೋಡಿಸಿದರೆ, ಈ ತೊಂದರೆ ಇಲ್ಲ. ಬೈಂಡ್ ಮೌಂಟ್‌ಗೆ ಅದರದೇ ಗುಣಗಳಿರುತ್ತವೆ, ಕೆಳಗಿನ ಪಾರ್ಟಿಷನ್ನಿನ ನಿರ್ಬಂಧ ಅದಕ್ಕೆ ತಗಲುವುದಿಲ್ಲ. ಇಲ್ಲೊಂದು ಎಚ್ಚರಿಕೆ ಮಾತ್ರ ಅಗತ್ಯ. ಬೂಟ್ ಮತ್ತು ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಇರುವ ವ್ಯವಸ್ಥೆಯಲ್ಲಿ ಮೌಂಟ್‌ಗಳು ಪರಸ್ಪರ ಹಂಚಿಕೊಂಡ ಸ್ಥಿತಿಯಲ್ಲಿರುತ್ತವೆ, ಹಾಗಾಗಿ ಉಪಮೌಂಟ್‌ಗಳ ಸಮೇತ /ಡೆವ್ ತಂದುಕೊಂಡು ಮುಂದೆ ಅದನ್ನು ಕಳಚಿದರೆ ಹೊರಗಿನ /ಡೆವ್/ಪಿಟಿಎಸ್ ಕೂಡ ಕಳಚಿಹೋಗಿ, ಹೊಸ ಟರ್ಮಿನಲ್ ಕಿಟಕಿಯೊಂದೂ ತೆರೆಯದ ಸ್ಥಿತಿ ಬರಬಹುದು. ತಂದ ಕೂಡಲೇ ಅದನ್ನು ಆರ್‌ಸ್ಲೇವ್ ಎಂದು ಗುರುತಿಸಿದರೆ ಹೊರಗಿನ ಬದಲಾವಣೆ ಒಳಗೆ ಬರುತ್ತದೆ, ಒಳಗಿನದು ಹೊರಗೆ ಹೋಗುವುದಿಲ್ಲ. ಕರ್ನಲ್‌ನ ಮಾಹಿತಿ ತೋರಿಸುವ /ಪ್ರೋಕ್ ಮತ್ತು /ಸಿಸ್ ಡೈರೆಕ್ಟರಿಗಳನ್ನೂ ಹೀಗೆಯೇ ತಂದೆ.

ಮುಂದಿನ ಅಡ್ಡಿ ಗ್ರಾಫಿಕ್ಸ್ ಸಾಧನದ ಒಡೆತನದ್ದು. ಪರದೆ ಒಮ್ಮೆಲೇ ಬದಲಾಗದಿರಲಿ ಎಂದು ಡೆಸ್ಕ್‌ಟಾಪ್‌ನ ಟರ್ಮಿನಲ್ಲಿನಿಂದಲೇ, ಕನ್ಸೋಲ್ ಹಂಚಿಕೊಳ್ಳುವ ಶೇರ್‌ವಿಟಿಎಸ್ ಆಯ್ಕೆಯೊಂದಿಗೆ ಸರ್ವರ್ ನಡೆಸಿ ನೋಡಿದೆ. ಡಿಆರ್‌ಎಂ ಮಾಸ್ಟರ್ (ಪರದೆಯ ಮೇಲೆ ಹಿಡಿತವಿರುವ ಒಡೆಯ) ಆಗಲು ಸಾಧ್ಯವಾಗಲಿಲ್ಲ, ಸಾಧನ ಬೇರೆಯವರ ಬಳಕೆಯಲ್ಲಿದೆ ಎಂದು ಲಾಗ್ ಹೇಳಿತು. ಅದರ ಕೆಳಗೆ, ಎಕ್ಸ್ ಸರ್ವರ್ ಎದುರಿಸಿದವರೆಲ್ಲರಿಗೂ ಪರಿಚಿತವಾದ, ಯಾವ ಪರದೆಯೂ ಸಿಗಲಿಲ್ಲವೆಂಬ ಸಾಲು. ಈ ಕೊನೆಯ ಸಾಲನ್ನು ಹಿಡಿದು ಪರಿಹಾರ ಹುಡುಕಲು ಹೊರಡುವುದು ವ್ಯರ್ಥ. ಅದು ಪರಿಣಾಮ, ಕಾರಣ ಯಾವಾಗಲೂ ಅದಕ್ಕಿಂತ ಕೆಲವು ಸಾಲು ಮೇಲಿರುತ್ತದೆ. ಒಂದು ಕಾರ್ಡ್‌ಗೆ ಒಂದು ಹೊತ್ತಿನಲ್ಲಿ ಒಬ್ಬನೇ ಮಾಸ್ಟರ್ ಎಂಬುದು ಕರ್ನಲ್ಲಿನ ನಿಯಮ, ಇಲ್ಲಿ ಚ್‌ರೂಟ್‌ಗೆ ಯಾವ ಪಾತ್ರವೂ ಇಲ್ಲ. ಕನ್ಸೋಲ್ ಬದಲಾದಾಗ, ಲಾಗಿನ್ ಸೆಷನ್‌ಗಳನ್ನು ನೋಡಿಕೊಳ್ಳುವ ಲಾಗಿನ್‌ಡಿ ಸೇವೆ ಹಿಂದಿನ ಸೆಷನ್ನಿನಿಂದ ಆ ಒಡೆತನವನ್ನು ಹಿಂದಕ್ಕೆ ಪಡೆಯುತ್ತದೆ. ಆದ್ದರಿಂದ ನಾಲ್ಕನೆಯ ಕನ್ಸೋಲ್‌ಗೆ ಹೋಗಿ, ಅಲ್ಲಿ ಲಾಗಿನ್ ಆಗಿ, ಅಲ್ಲಿಂದಲೇ ರೂಟ್ ಆಗಿ ಸರ್ವರ್ ಶುರು ಮಾಡಿದೆ. ಪರದೆ ಬಂತು, ನಡುವೆ ಮೌಸ್ ಬಾಣವೂ ಬಂತು.

ಬಂದದ್ದು ಅಷ್ಟೇ. ಬಾಣ ಅಲುಗಾಡಲಿಲ್ಲ, ಯಾವ ಕೀಲಿಯೂ ತಾಗಲಿಲ್ಲ. ಕಂಟ್ರೋಲ್, ಆಲ್ಟ್ ಮತ್ತು ಎಫ್2 ಒತ್ತಿ ಹಿಂದಿರುಗಲೂ ಆಗಲಿಲ್ಲ, ಏಕೆಂದರೆ ಎಕ್ಸ್ ಸರ್ವರ್ ಕನ್ಸೋಲನ್ನು ವಶಕ್ಕೆ ತೆಗೆದುಕೊಂಡ ಮೇಲೆ ಕರ್ನಲ್ ಆ ಕೀಲಿಗಳನ್ನು ತಾನಾಗಿ ನೋಡುವುದಿಲ್ಲ. ಸರ್ವರ್ ಅವನ್ನು ಓದಿ ಕನ್ಸೋಲ್ ಬದಲಿಸಬೇಕು, ಆ ಸರ್ವರ್‌ಗೋ ಕೀಲಿಮಣೆಯೇ ಗೊತ್ತಿಲ್ಲ. ಇಂಥ ಪ್ರಯೋಗಕ್ಕಿಳಿಯುವವರು ಎಸ್‌ಎಸ್‌ಎಚ್ ಸೇವೆಯನ್ನು ಮೊದಲೇ ಚಾಲೂ ಇಟ್ಟುಕೊಂಡು, ಇನ್ನೊಂದು ಯಂತ್ರದಿಂದ ಒಳಬರುವ ದಾರಿಯನ್ನು ಪರೀಕ್ಷಿಸಿಟ್ಟುಕೊಳ್ಳುವುದು ಒಳ್ಳೆಯದು. ನಾನು ಹಾಗೆ ಒಳಗೆ ಬಂದು 'ಸಿಎಚ್‌ವಿಟಿ 2' ಎಂಬ ಆಜ್ಞೆ ಕೊಟ್ಟು ಡೆಸ್ಕ್‌ಟಾಪ್‌ಗೆ ಮರಳಿದೆ.

ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಕುತೂಹಲಕರವಾಗಿ ಕಂಡದ್ದು ಇದೇ ಘಟ್ಟ. ಇನ್‌ಪುಟ್ ಸಾಧನಗಳ ಬಗ್ಗೆ ಲಾಗ್‌ನಲ್ಲಿ ದೋಷವನ್ನು ಸೂಚಿಸುವ ಜೋಡಿ ಇ ಅಕ್ಷರದ ಸಾಲು ಒಂದೂ ಇರಲಿಲ್ಲ. /ಡೆವ್/ಇನ್‌ಪುಟ್ ಡೈರೆಕ್ಟರಿಯ ಎಲ್ಲ ಸಾಧನಗಳೂ ಚ್‌ರೂಟ್ ಒಳಗೆ ಕಾಣುತ್ತಿದ್ದವು, ರೂಟ್ ಆಗಿ ಅವನ್ನು ತೆರೆದು ಓದಿದರೆ ಕೀಲಿ ಒತ್ತಿದಾಗಲೆಲ್ಲ ಬೈಟ್‌ಗಳು ಹರಿದುಬರುತ್ತಿದ್ದವು. ಅಂದರೆ ಸಾಧನ ಇದೆ, ಅನುಮತಿ ಇದೆ, ಕರ್ನಲ್ ಸರಿಯಾಗಿದೆ; ಸರ್ವರ್ ಮಾತ್ರ ಅತ್ತ ತಿರುಗಿಯೂ ನೋಡುತ್ತಿಲ್ಲ. ದೂರು ಹೇಳುವ ಪ್ರೋಗ್ರಾಮನ್ನು ಸರಿಪಡಿಸುವುದು ಸುಲಭ, ಏನೂ ಹೇಳದ ಪ್ರೋಗ್ರಾಮಿನದು ಕಷ್ಟ.

ಇಂಥಲ್ಲಿ, ಪ್ರೋಗ್ರಾಮ್ ಕರ್ನಲ್‌ಗೆ ಮಾಡುವ ಕರೆಗಳನ್ನು ತೋರಿಸುವ ಸ್ಟ್ರೇಸ್ ಬಿಟ್ಟರೆ ಬೇರೆ ಗತಿಯಿಲ್ಲ. ಅದನ್ನು ಚ್‌ರೂಟ್ ಒಳಗೆ ಸ್ಥಾಪಿಸಬೇಕೆಂದೇನೂ ಇಲ್ಲ. ಹೊರಗಿನ ಸ್ಟ್ರೇಸ್‌ಗೆ ಚ್‌ರೂಟ್ ಆಜ್ಞೆಯನ್ನೇ ಕೊಟ್ಟು, ಮಕ್ಕಳ ಪ್ರೊಸೆಸ್‌ಗಳನ್ನೂ ಹಿಂಬಾಲಿಸುವಂತೆ ಹೇಳಿದರೆ ಸಾಕು. ಫೈಲ್ ತೆರೆಯುವ ಕರೆಗಳನ್ನಷ್ಟೇ ಸೋಸಿ ನೋಡಿದಾಗ ಒಂದು ಕ್ರಮ ಕಾಣಿಸಿತು. ಸರ್ವರ್ ಮೊದಲು /ಸಿಸ್ ಡೈರೆಕ್ಟರಿಯಲ್ಲಿ ಇನ್‌ಪುಟ್ ಸಾಧನಗಳ ಪಟ್ಟಿ ಓದುತ್ತಿತ್ತು, ಆಮೇಲೆ ಒಂದೊಂದು ಸಾಧನಕ್ಕೂ /ರನ್/ಯುಡೆವ್/ಡೇಟಾ ಎಂಬಲ್ಲಿ ಒಂದು ಫೈಲ್ ಹುಡುಕುತ್ತಿತ್ತು, ಸಿಗದಿದ್ದಾಗ ಸದ್ದಿಲ್ಲದೆ ಮುಂದಿನದಕ್ಕೆ ಹೋಗುತ್ತಿತ್ತು. ಹುಡುಕುತ್ತಿದ್ದ ಫೈಲ್‌ಗಳಿಗೆ 'ಸಿ13:64', 'ಸಿ13:65' ಎಂಬಂಥ ಹೆಸರುಗಳಿದ್ದವು, ಅಂದರೆ ಸಾಧನದ ಮುಖ್ಯ ಮತ್ತು ಉಪ ಸಂಖ್ಯೆಗಳು.

ಕಾರಣ ಹೀಗಿದೆ. ಯಾವುದು ಕೀಲಿಮಣೆ, ಯಾವುದು ಟಚ್‌ಪ್ಯಾಡ್, ಯಾವುದು ಬರಿಯ ಪವರ್ ಬಟನ್ ಎಂಬುದನ್ನು ಎಕ್ಸ್‌ಆರ್ಗ್ ತಾನಾಗಿ ನಿರ್ಧರಿಸುವುದಿಲ್ಲ. ಸಾಧನ ಕಾಣಿಸಿಕೊಂಡಾಗ ಹೊರಗಿನ ಯುಡೆವ್ ಸೇವೆ ಅದನ್ನು ಪರಿಶೀಲಿಸಿ, 'ಐಡಿ_ಇನ್‌ಪುಟ್' ಮೊದಲಾದ ಗುಣಗಳನ್ನು ತನ್ನ ದಾಖಲೆಯಲ್ಲಿ ಬರೆದಿಡುತ್ತದೆ, ಮತ್ತು ಆ ದಾಖಲೆ ಇರುವುದು ಮೆಮೊರಿಯಲ್ಲಿರುವ /ರನ್ ಡೈರೆಕ್ಟರಿಯಲ್ಲಿ. ದಾಖಲೆ ಇಲ್ಲದ ಸಾಧನವನ್ನು ಯುಡೆವ್ ಇನ್ನೂ ಸಿದ್ಧಪಡಿಸಿಲ್ಲ ಎಂದು ಆ ದಾಖಲೆ ಓದುವ ಲೈಬ್ರರಿಯಾದ ಲಿಬ್‌ಯುಡೆವ್ ಭಾವಿಸುತ್ತದೆ, ಸರ್ವರ್ ಅದನ್ನು ಪಟ್ಟಿಗೇ ಸೇರಿಸುವುದಿಲ್ಲ. ಸರ್ವರ್‌ನ ದೃಷ್ಟಿಯಲ್ಲಿ ಇದು ದೋಷವೇ ಅಲ್ಲ, ಸಾಧನ ಮುಂದೆ ಯಾವಾಗಲಾದರೂ ಬಂದೀತೆಂದು ಕಾಯುವ ಸ್ಥಿತಿ. ಲಾಗ್ ಏಕೆ ಸುಮ್ಮನಿತ್ತೆಂಬುದು ಆಗ ತಿಳಿಯಿತು. ಚ್‌ರೂಟ್‌ಗೆ ಬೇಕಾದ ಮೌಂಟ್‌ಗಳೆಂದು ಸಾಮಾನ್ಯವಾಗಿ ಹೇಳುವ /ಡೆವ್, /ಪ್ರೋಕ್, /ಸಿಸ್ ಎಂಬ ತ್ರಿಮೂರ್ತಿಗಳಲ್ಲಿ ಈ ಡೈರೆಕ್ಟರಿ ಸೇರಿಲ್ಲ, ಕಮಾಂಡ್ ಸಾಲಿನ ಕೆಲಸಗಳಿಗೆ ಅದು ಬೇಕಾಗುವುದೂ ಇಲ್ಲ.

/ರನ್/ಯುಡೆವ್ ಅನ್ನು ಬೈಂಡ್ ಮೌಂಟ್ ಮಾಡಿದ ಮೇಲೆ ಲಾಗ್ ಮಾತಾಡಲು ಶುರು ಮಾಡಿತು. ಪ್ರತಿ ಸಾಧನದ ಹೆಸರೂ ಬಂತು, ಮತ್ತು ಪ್ರತಿಯೊಂದರ ಕೆಳಗೆ, ಇನ್‌ಪುಟ್ ಡ್ರೈವರ್ ಸೂಚಿಸಿಲ್ಲ, ಆದ್ದರಿಂದ ಈ ಸಾಧನವನ್ನು ಬಿಟ್ಟುಬಿಡಲಾಗಿದೆ ಎಂಬ ಸಾಲು ಬಂತು. ನಾನು ಶಿಫಾರಸು ಮಾಡಿದ ಪ್ಯಾಕೇಜ್‌ಗಳನ್ನು ಬಿಟ್ಟು ಸರ್ವರ್‌ನ ತಿರುಳನ್ನಷ್ಟೇ ಹಾಕಿಕೊಂಡಿದ್ದರಿಂದ ಲಿಬ್‌ಇನ್‌ಪುಟ್ ಡ್ರೈವರ್ ಬಂದಿರಲಿಲ್ಲ. ಅದನ್ನು ಹಾಕಿದ ಕೂಡಲೇ ಬಾಣ ಅಲುಗಾಡಿತು. ಹೊಸದಾಗಿ ಚುಚ್ಚಿದ ಯುಎಸ್‌ಬಿ ಮೌಸ್ ಕೂಡ ಆಗಲೇ ಕೆಲಸ ಮಾಡಿತು. ಸಾಧನ ಬಂದ ಸುದ್ದಿಯನ್ನು ಯುಡೆವ್ ಬಿತ್ತರಿಸುವುದು ನೆಟ್‌ಲಿಂಕ್ ಸಾಕೆಟ್ ಮೂಲಕ, ಅದು ನೆಟ್‌ವರ್ಕ್ ನೇಮ್‌ಸ್ಪೇಸ್‌ನದು, ಆದ್ದರಿಂದ ಚ್‌ರೂಟ್‌ನ ಗೋಡೆ ಅದಕ್ಕೆ ಇಲ್ಲ. ಡಿಸ್‌ಪ್ಲೇ ಸಂಖ್ಯೆಯಲ್ಲಿ ನನಗೆ ಅಡ್ಡ ಬಂದಿದ್ದ ಗುಣವೇ ಇಲ್ಲಿ ನೆರವಿಗೆ ಬಂತು.

ಇಷ್ಟಾದರೂ ಸರ್ವರ್ ರೂಟ್ ಆಗಿ ನಡೆಯುತ್ತಿತ್ತು, ಅದು ನನಗೆ ಇಷ್ಟವಿರಲಿಲ್ಲ. ಸಾಮಾನ್ಯ ಬಳಕೆದಾರನಾಗಿ ನಡೆಸಲು ಹೊರಟಾಗ ಚ್‌ರೂಟ್ ಒಳಗಿನಿಂದ /ಡೆವ್/ಡಿಆರ್‌ಐ ಡೈರೆಕ್ಟರಿಯನ್ನು ಪಟ್ಟಿ ಮಾಡಿ ನೋಡಿದೆ. ಗ್ರಾಫಿಕ್ಸ್ ಕಾರ್ಡ್ 'ಐಆರ್‌ಸಿ' ಎಂಬ ಗುಂಪಿಗೆ ಸೇರಿದೆಯೆಂದು ತೋರಿಸಿತು. ಹರಟೆಯ ಹಳೆಯ ವ್ಯವಸ್ಥೆಗೆಂದು ಮೀಸಲಾದ ಗುಂಪಿಗೂ ಗ್ರಾಫಿಕ್ಸ್ ಕಾರ್ಡ್‌ಗೂ ಎತ್ತಣಿಂದೆತ್ತ ಸಂಬಂಧ! ಕರ್ನಲ್‌ಗೆ ಗುಂಪುಗಳ ಹೆಸರು ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಫೆಡೋರಾದಲ್ಲಿ ವಿಡಿಯೋ ಗುಂಪಿನ ಸಂಖ್ಯೆ 39. ಡೆಬಿಯನ್‌ನಲ್ಲಿ ವಿಡಿಯೋ ಗುಂಪು 44, ಅಲ್ಲಿ 39 ಐಆರ್‌ಸಿಯದು. ಚ್‌ರೂಟ್ ಒಳಗೆ ನನ್ನನ್ನು ವಿಡಿಯೋ ಗುಂಪಿಗೆ ಸೇರಿಸಿಕೊಂಡು ಪ್ರಯೋಜನವೇನೂ ಆಗದಿದ್ದುದರ ಗುಟ್ಟು ಇದು. ಹೊರಗಿನ ಸಂಖ್ಯೆಗಳನ್ನೇ ಹಿಡಿದು ಒಳಗೆ ಗುಂಪುಗಳನ್ನು ಸೃಷ್ಟಿಸಬಹುದು, ಆದರೆ ಇನ್‌ಪುಟ್ ಗುಂಪಿನಂಥ ಕೆಲವಕ್ಕೆ ಸ್ಥಾಪನೆಯ ಸಮಯದಲ್ಲಿ ಸಿಕ್ಕ ಸಂಖ್ಯೆ ಇರುತ್ತದೆ, ಅದನ್ನು ಎರಡೂ ಕಡೆ ಹೊಂದಿಸಿಡುವುದು ಎಂದೂ ಮುಗಿಯದ ಕೆಲಸ.

ಇದರ ಮೇಲೆ ಇನ್ನೊಂದು ಪದರವೂ ಇತ್ತು. ಕನ್ಸೋಲ್‌ನಲ್ಲಿ ಲಾಗಿನ್ ಆಗಿ ನೋಡಿದರೆ ಕಾರ್ಡ್ ತೆರೆಯುತ್ತಿತ್ತು, ಎಸ್‌ಎಸ್‌ಎಚ್ ಮೂಲಕ ನೋಡುವಾಗ ತೆರೆಯುತ್ತಿರಲಿಲ್ಲ. ಪಟ್ಟಿಯಲ್ಲಿ ಅನುಮತಿಯ ಅಕ್ಷರಗಳ ಕೊನೆಗೆ ಒಂದು + ಚಿಹ್ನೆ ಇರುವುದನ್ನು ಗಮನಿಸಿದರೆ ಇದು ಅರ್ಥವಾಗುತ್ತದೆ. ಎದುರಿಗಿರುವ ಸೆಷನ್ನಿನ ಬಳಕೆದಾರನಿಗೆ ಲಾಗಿನ್‌ಡಿ ಕಾರ್ಡ್ ಮತ್ತು ಧ್ವನಿ ಸಾಧನಗಳ ಮೇಲೆ ಎಸಿಎಲ್ ರೂಪದ (ಒಬ್ಬ ಬಳಕೆದಾರನಿಗೆಂದೇ ಕೊಡುವ) ಅನುಮತಿ ಬರೆಯುತ್ತದೆ, ಸೆಷನ್ ಹಿಂದಕ್ಕೆ ಸರಿದಾಗ ಅಳಿಸುತ್ತದೆ. ಅದೂ ಸಂಖ್ಯೆಯ ಮೇಲೆಯೇ ನಡೆಯುವುದರಿಂದ, ಹೊರಗೂ ಒಳಗೂ ನನ್ನ ಬಳಕೆದಾರ ಸಂಖ್ಯೆ 1000 ಆಗಿದ್ದುದು ಅನುಕೂಲವಾಯಿತು. ಕೀಲಿಮಣೆ ಮತ್ತು ಮೌಸ್‌ಗೆ ಮಾತ್ರ ಲಾಗಿನ್‌ಡಿ ಹೀಗೆ ಅನುಮತಿ ಬರೆಯುವುದಿಲ್ಲ. ಯಾವ ಪ್ರೋಗ್ರಾಮ್ ಬೇಕಾದರೂ ಕೀಲಿಗಳನ್ನು ಕದ್ದು ಓದುವಂತಾಗಬಾರದಲ್ಲವೇ.

ಎಸ್‌ಯುಐಡಿ ಇರುವ, ಅಂದರೆ ಯಾರು ನಡೆಸಿದರೂ ರೂಟ್ ಅಧಿಕಾರ ಪಡೆಯುವ ಎಕ್ಸ್‌ಆರ್ಗ್ ಹೊದಿಕೆ ಪ್ರೋಗ್ರಾಮ್ ಹಾಕಿಕೊಳ್ಳುವುದು ಒಂದು ದಾರಿ, ಆದರೆ ನೋಎಸ್‌ಯುಐಡಿ ನಿರ್ಬಂಧವಿರುವ ಪಾರ್ಟಿಷನ್ನಿನಲ್ಲಿ ಅದಕ್ಕೆ ಬಲವಿಲ್ಲ. ನಾನು ಹಿಡಿದದ್ದು ಬೇರೆ ದಾರಿ. ಆಧುನಿಕ ಎಕ್ಸ್‌ಆರ್ಗ್‌ಗೆ ಸಾಧನಗಳನ್ನು ತಾನೇ ತೆರೆಯುವ ಅಗತ್ಯವಿಲ್ಲ; ಪ್ರೋಗ್ರಾಮ್‌ಗಳ ನಡುವೆ ಸಂದೇಶ ಸಾಗಿಸುವ ಡಿ-ಬಸ್ ಮೂಲಕ ಲಾಗಿನ್‌ಡಿಯನ್ನು ಕೇಳಿದರೆ, ಅದು ಸಾಧನವನ್ನು ತೆರೆದು, ತೆರೆದ ಫೈಲ್ ಡಿಸ್ಕ್ರಿಪ್ಟರನ್ನೇ (ತೆರೆದ ಫೈಲಿನ ಹಿಡಿಕೆಯನ್ನೇ) ಸಾಕೆಟ್ ಮೂಲಕ ಕಳಿಸಿಕೊಡುತ್ತದೆ. ಲಾಗ್‌ನ ಆರಂಭದಲ್ಲಿಯೇ ಲಾಗಿನ್‌ಡಿ ಜೊತೆ ಸಂಪರ್ಕ ಸಾಧ್ಯವಾಗಲಿಲ್ಲವೆಂಬ ಸಾಲು ಇತ್ತು, ರೂಟ್ ಆಗಿ ನಡೆಸುತ್ತಿದ್ದಾಗ ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಚ್‌ರೂಟ್ ಒಳಗೆ /ರನ್/ಡಿಬಸ್ ಇಲ್ಲದಿದ್ದುದೇ ಅದರ ಕಾರಣ. ಅದನ್ನು ಬೈಂಡ್ ಮೌಂಟ್ ಮಾಡಿದಾಗ ಸಂದೇಶ ಬದಲಾಯಿತು: ಲಾಗಿನ್‌ಡಿ ಜೊತೆ ಕೂಡಿ ಕೆಲಸ ಮಾಡಲು ಕೀಪ್‌ಟಿಟಿವೈ ಆಯ್ಕೆ ಬೇಕು, ಅದನ್ನು ಕೊಟ್ಟಿಲ್ಲ. ಅದನ್ನೂ ಕೊಟ್ಟೆ.

ಹೊರಗಿರುವ ಸೇವೆಯೊಂದು ಚ್‌ರೂಟ್ ಒಳಗಿನ ಪ್ರೊಸೆಸ್ಸನ್ನು ತನ್ನ ಸೆಷನ್ನಿಗೆ ಸೇರಿದ್ದೆಂದು ಹೇಗೆ ಒಪ್ಪೀತು ಎಂಬ ಸಂಶಯ ನನಗಿತ್ತು. ಅದು ಒಪ್ಪುವುದು ಸಿಗ್ರೂಪ್, ಅಂದರೆ ಕರ್ನಲ್ ಪ್ರೊಸೆಸ್‌ಗಳನ್ನು ಸೇರಿಸಿಟ್ಟ ಗುಂಪು ನೋಡಿ. ನಾಲ್ಕನೆಯ ಕನ್ಸೋಲ್‌ನಲ್ಲಿ ಲಾಗಿನ್ ಆದಾಗ ಹುಟ್ಟಿದ ಸಿಗ್ರೂಪ್‌ನಲ್ಲಿಯೇ, ಸುಡೋ ಮತ್ತು ಚ್‌ರೂಟ್ ದಾಟಿ ಬಂದ ಸರ್ವರ್ ಕೂಡ ಇರುತ್ತದೆ. ಸಾಧನವನ್ನು ಕೇಳುವುದೂ ಹೆಸರಿನಿಂದಲ್ಲ, ಮುಖ್ಯ ಮತ್ತು ಉಪ ಸಂಖ್ಯೆಯಿಂದ. ಹೀಗಾಗಿ ಚ್‌ರೂಟ್‌ನ ಯೂಸರ್‌ಸ್ಪೆಕ್ ಆಯ್ಕೆಯಿಂದ 1000 ಸಂಖ್ಯೆಗೆ ಇಳಿದು ಸರ್ವರ್ ನಡೆಸಿದಾಗ ಕಾರ್ಡ್, ಕೀಲಿಮಣೆ, ಮೌಸ್ ಎಲ್ಲವೂ ರೂಟ್ ಅಧಿಕಾರವಿಲ್ಲದೆ ಸಿಕ್ಕವು. ಗುಂಪುಗಳ ಸಂಖ್ಯೆಯ ಗೊಂದಲವೂ ನೋಎಸ್‌ಯುಐಡಿಯ ಅಡ್ಡಿಯೂ ಅಪ್ರಸ್ತುತವಾದವು. ಲಾಗ್ ಫೈಲ್ ಮಾತ್ರ /ವಾರ್/ಲಾಗ್ ಬಿಟ್ಟು ಮನೆ ಡೈರೆಕ್ಟರಿಯ .ಲೋಕಲ್/ಶೇರ್/ಎಕ್ಸ್‌ಆರ್ಗ್ ಒಳಗೆ ಹೋಗಿರುತ್ತದೆ. ಹಳೆಯ ಜಾಗದಲ್ಲಿ ಹಳೆಯ ಲಾಗ್ ಓದುತ್ತ ಕೂರಬಾರದು. ಇನ್ನೊಂದು ಸಣ್ಣ ಕೊರತೆಯೆಂದರೆ, /ಟಿಎಂಪಿ/.ಎಕ್ಸ್11-ಯುನಿಕ್ಸ್ ಡೈರೆಕ್ಟರಿಯನ್ನು ರೂಟ್ ಅಲ್ಲದ ಸರ್ವರ್ ಸೃಷ್ಟಿಸುವುದಿಲ್ಲ. ಬೂಟ್ ಆಗುವ ವ್ಯವಸ್ಥೆಯಲ್ಲಿ ಸಿಸ್ಟಮ್‌ಡಿ ಅದನ್ನು ಮಾಡಿಡುತ್ತದೆ, ಚ್‌ರೂಟ್ ಎಂದೂ ಬೂಟ್ ಆಗುವುದಿಲ್ಲ. ಅದನ್ನು 1777 ಅನುಮತಿಯೊಂದಿಗೆ ನಾನೇ ಸೃಷ್ಟಿಸಿದೆ.

ಉಳಿದದ್ದು ಚಿತ್ರಗಳ ವೇಗ. ಕಿಟಕಿ ಎಳೆದಾಡಿದರೆ ಫ್ಯಾನ್ ಜೋರಾಗುತ್ತಿತ್ತು, ಯಾವ ಡ್ರೈವರ್ ಚಿತ್ರ ಬಿಡಿಸುತ್ತಿದೆಯೆಂದು ತಿಳಿಸುವ ಜಿಎಲ್‌ಎಕ್ಸ್‌ಇನ್ಫೋ ಎಲ್‌ಎಲ್‌ವಿಎಂಪೈಪ್ ಎಂದು ಹೇಳುತ್ತಿತ್ತು, ಅಂದರೆ ಚಿತ್ರ ಬಿಡಿಸುವ ಕೆಲಸವೆಲ್ಲ ಪ್ರೊಸೆಸರ್ ಮೇಲೆ ಬಿದ್ದಿತ್ತು. ಎಲ್‌ಎಲ್‌ವಿಎಂಪೈಪ್ ಮೇಲೆ ಗ್ಲಾಮರ್ (ಗ್ರಾಫಿಕ್ಸ್ ಚಿಪ್‌ನಿಂದ ಚಿತ್ರ ಬಿಡಿಸುವ ಸರ್ವರ್‌ನ ಭಾಗ) ನಡೆಸಲು ನಿರಾಕರಿಸಲಾಗಿದೆ ಎಂದು ಲಾಗ್ ಕೂಡ ಹೇಳಿತ್ತು. ಕರ್ನಲ್ ಹೊರಗಿನ ಹೊಸದು, ಆದರೆ ಗ್ರಾಫಿಕ್ಸ್‌ನ ಮೆಸಾ ಡ್ರೈವರ್ ಎಂಬುದು ಹೆಸರಿನಿಂದ ಹುಡುಕಿ ತರುವ ಲೈಬ್ರರಿ, ಅದು ಬರುವುದು ಚ್‌ರೂಟ್ ಒಳಗಿನಿಂದ. ಅಲ್ಲಿದ್ದ ಹಳೆಯ ಮೆಸಾಗೆ ನನ್ನ ಹೊಸ ಚಿಪ್‌ನ ಗುರುತು ಗೊತ್ತಿರಲಿಲ್ಲ. ಹೊಸ ಆವೃತ್ತಿಗಳನ್ನು ಕೊಡುವ ಡೆಬಿಯನ್‌ನ ಬ್ಯಾಕ್‌ಪೋರ್ಟ್ಸ್ ಭಂಡಾರದಿಂದ ಹೊಸ ಮೆಸಾ ತಂದಾಗ ಸರಿಹೋಯಿತು. ಎನ್ವಿಡಿಯಾದ ಸ್ವಂತ ಡ್ರೈವರ್ ಬಳಸುವವರಿಗೆ ನಿಯಮ ಇನ್ನೂ ಬಿಗಿ: ಒಳಗಿನ ಲೈಬ್ರರಿಯ ಆವೃತ್ತಿ ಹೊರಗಿನ ಕರ್ನಲ್ ಮಾಡ್ಯೂಲ್‌ನ ಆವೃತ್ತಿಗೆ ತಾಳೆಯಾಗಲೇಬೇಕು, ಹೊರಗೆ ಅಪ್‌ಡೇಟ್ ಆದಾಗಲೆಲ್ಲ ಒಳಗೂ ಆಗಬೇಕು.

ವಿಂಡೋ ಮ್ಯಾನೇಜರನ್ನು ಡಿಬಸ್-ರನ್-ಸೆಷನ್ ಮೂಲಕ ಶುರು ಮಾಡಿದರೆ ಅದಕ್ಕೆ ಬೇಕಾದ ಸೆಷನ್ ಬಸ್ ಒಳಗೇ ಹುಟ್ಟುತ್ತದೆ. ಹೊರಗಿನ ಪ್ರೋಗ್ರಾಮನ್ನು ಈ ಪರದೆಗೆ ಕಳಿಸಬೇಕಾದಾಗ ಅಬ್‌ಸ್ಟ್ರಾಕ್ಟ್ ಸಾಕೆಟ್ ಎರಡೂ ಕಡೆ ಕಾಣುವುದರಿಂದ ಡಿಸ್‌ಪ್ಲೇ 5 ಎಂದು ಹೇಳಿ, ಎಕ್ಸ್‌ಆಥ್‌ನ ಗುಟ್ಟಿನ ಕುಕೀ ಇರುವ ಫೈಲ್ ತೋರಿಸಿದರೆ ಸಾಕು. ಅದಕ್ಕಾಗಿ ಎಕ್ಸ್‌ಹೋಸ್ಟ್‌ನಿಂದ ಎಲ್ಲರಿಗೂ ಬಾಗಿಲು ತೆರೆಯುವ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ.

ಈಗ ಇದೆಲ್ಲ ಒಂದು ಚಿಕ್ಕ ಸ್ಕ್ರಿಪ್ಟ್‌ನಲ್ಲಿದೆ: /ಡೆವ್, /ಪ್ರೋಕ್, /ಸಿಸ್ ಮೂರನ್ನು ಉಪಮೌಂಟ್‌ಗಳ ಸಮೇತ ಆರ್‌ಸ್ಲೇವ್ ಆಗಿ ತರುವುದು, /ರನ್/ಯುಡೆವ್ ಮತ್ತು /ರನ್/ಡಿಬಸ್ ಎರಡನ್ನು ಬೈಂಡ್ ಮಾಡುವುದು, ಸಾಕೆಟ್ ಡೈರೆಕ್ಟರಿ ಸೃಷ್ಟಿಸುವುದು, ಆಮೇಲೆ ಸರ್ವರ್. ಮುಗಿದ ಮೇಲೆ ಒಳಗೆ ಯಾವ ಪ್ರೊಸೆಸ್ಸೂ ಉಳಿದಿಲ್ಲವೆಂದು ಫ್ಯೂಸರ್‌ನಿಂದ ನೋಡಿಕೊಂಡು ಎಲ್ಲ ಮೌಂಟ್‌ಗಳನ್ನೂ ಕಳಚುತ್ತೇನೆ. ಚ್‌ರೂಟನ್ನೇ ಅಳಿಸುವ ದಿನ ಬಂದರೆ ಮೌಂಟ್ ಪಟ್ಟಿಯನ್ನು ಕಣ್ಣಾರೆ ನೋಡಿ, ಅಳಿಸುವ ಆಜ್ಞೆಗೆ ಒಂದೇ ಫೈಲ್ ವ್ಯವಸ್ಥೆಯೊಳಗೆ ಉಳಿಯುವಂತೆ ಹೇಳುವ ಆಯ್ಕೆಯನ್ನೂ ಸೇರಿಸಬೇಕು, ಏಕೆಂದರೆ ಬೈಂಡ್ ಆಗಿ ಉಳಿದಿರುವ /ಡೆವ್ ಹೊರಗಿನ /ಡೆವ್ ಕೂಡ ಹೌದು.